ಎರಡು ಗಾಜಿನ ನಡುವೆ ಒಂದೂವರೆ ಮಿಲಿಮೀಟರ್

ಮೇಜಿನ ಮೇಲೆ ಎರಡು ಗಾಜಿನ ತುಂಡು ಇಟ್ಟಿದ್ದೇನೆ, ನೋಡಿ. ಉದ್ದ, ಅಗಲ, ದಪ್ಪ ಎಲ್ಲ ಒಂದೇ. ಎರಡೂ ಲ್ಯಾಮಿನೇಟೆಡ್ ಗಾಜು. ಅಂದರೆ ಎರಡು ಹಾಳೆ ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು, ಬಿಸಿ ಮಾಡಿ, ಒತ್ತಿ ಒಂದಾಗಿಸಿದ್ದು. ಮುಂದಿನ ಸಾಲಿನವರು ಕೈಗೆ ತೆಗೆದುಕೊಂಡು ನೋಡಬಹುದು. ಏನಾದರೂ ವ್ಯತ್ಯಾಸ ಕಾಣುತ್ತದೆಯೇ? ಇಲ್ಲ ಅಲ್ವಾ? ಆದರೆ ಎರಡನ್ನೂ ಸುತ್ತಿಗೆಯಿಂದ ಒಡೆದು ಒಂದು ತುದಿ ಹಿಡಿದು ಎತ್ತಿದರೆ, ಒಂದು ಒದ್ದೆ ಗೋಣಿಚೀಲದ ಹಾಗೆ ಜೋತು ಬೀಳುತ್ತದೆ. ಇನ್ನೊಂದು ಚೂರುಚೂರಾಗಿದ್ದರೂ ಹಲಗೆಯ ಹಾಗೆ ನೆಟ್ಟಗೆ ಉಳಿಯುತ್ತದೆ. ಇಷ್ಟು ವ್ಯತ್ಯಾಸ ತರುವುದು ನಡುವಿನ ಒಂದೂವರೆ ಮಿಲಿಮೀಟರ್ ಪ್ಲಾಸ್ಟಿಕ್.

ಇವತ್ತಿನ ಮಾತು ಆ ಪ್ಲಾಸ್ಟಿಕ್ ಬಗ್ಗೆ. ಗಾಜು ಈಗ ಬರೀ ಕಿಟಕಿಯಾಗಿ ಉಳಿದಿಲ್ಲ. ಗಾಜಿನ ನೆಲದ ಮೇಲೆ ಜನ ನಡೆಯುತ್ತಾರೆ. ಗಾಜಿನ ಮೆಟ್ಟಿಲು ಹತ್ತುತ್ತಾರೆ. ಗಾಜಿನ ತೊಲೆ ಚಾವಣಿಯನ್ನು ಹೊರುತ್ತದೆ. ಇಂಥ ಕಡೆ ನಡುವಿನ ಪದರ ಬರೀ ಅಂಟು ಆಗಿದ್ದರೆ ಸಾಲದು. ಅದೂ ಭಾರ ಹೊರುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳಬೇಕು.

ಅದು ಹೇಗೆ ಅಂತ ತೋರಿಸಲು ಒಂದು ದಪ್ಪ ನೋಟ್‌ಬುಕ್ ಸಾಕು. ಎರಡು ಕೈಯಲ್ಲಿ ಹಿಡಿದು ಬಾಗಿಸಿ. ಸಲೀಸಾಗಿ ಬಾಗುತ್ತದೆ. ಈಗ ಹಾಳೆಗಳ ಬಿಡಿ ಅಂಚನ್ನು ನೋಡಿ. ನೇರವಾಗಿದ್ದದ್ದು ಓರೆಯಾಗಿದೆ. ಹಾಳೆಗಳು ಒಂದರ ಮೇಲೊಂದು ಜಾರಿವೆ. ಪ್ರತಿ ಹಾಳೆ ತನ್ನ ಪಾಡಿಗೆ ತಾನು ಬಾಗಿದೆ. ಅದೇ ಹಾಳೆಗಳಿಗೆಲ್ಲ ಗೋಂದು ಹಚ್ಚಿ ಒಣಗಿಸಿದರೆ? ಆಗ ಅದು ಪುಸ್ತಕ ಅಲ್ಲ, ಹಲಗೆ. ಬಾಗಿಸಲು ಆಗುವುದೇ ಇಲ್ಲ. ಕಾಗದ ಅದೇ, ದಪ್ಪ ಅದೇ. ಜಾರಲು ಬಿಟ್ಟೆವೋ ಇಲ್ಲವೋ, ಅಷ್ಟೇ ವ್ಯತ್ಯಾಸ.

ಗಾಜಿನಲ್ಲೂ ಹೀಗೇ. ಸುಮ್ನೆ ಒಂದು ಲೆಕ್ಕ ಹಾಕೋಣ, ಕಷ್ಟದ್ದೇನಲ್ಲ. ಒಂದು ಹಾಳೆ ಎಷ್ಟು ಪೆಡಸು ಅನ್ನುವುದು ಅದರ ದಪ್ಪದ ಘನದ ಮೇಲೆ ನಿಂತಿದೆ. 10 ಮಿ.ಮೀ. ದಪ್ಪದ ಎರಡು ಹಾಳೆ ಇವೆ ಅಂದುಕೊಳ್ಳಿ. ನಡುವಿನ ಪದರ ಪೂರ್ತಿ ಜಾರಲು ಬಿಟ್ಟರೆ 10ರ ಘನ ಮತ್ತೆ 10ರ ಘನ, ಒಟ್ಟು 2000. ಪದರ ಒಂಚೂರೂ ಜಾರಲು ಬಿಡದಿದ್ದರೆ 20ರ ಘನ, 8000. ನಾಲ್ಕು ಪಟ್ಟು! ಇನ್ನೊಂದು ರೀತಿ ಹೇಳಬೇಕೆಂದರೆ, ಜಾರುವ ಪದರ ಇರುವ 20 ಮಿ.ಮೀ. ಗಾಜು ಬಾಗುವುದರಲ್ಲಿ 12.6 ಮಿ.ಮೀ. ದಪ್ಪದ ಒಂಟಿ ಗಾಜಿಗೆ ಸಮ. ನಾವು 20 ಮಿ.ಮೀ. ಎತ್ತಿ ಕೂರಿಸಿ 12.6 ಮಿ.ಮೀ. ಕೆಲಸ ಪಡೆಯುತ್ತೇವೆ.

ಇದನ್ನೇ ತೂಕಕ್ಕೆ ತಿರುಗಿಸಿ. ಒಂದು ಚದರ ಮೀಟರ್ ಗಾಜು, ಒಂದು ಮಿಲಿಮೀಟರ್ ದಪ್ಪಕ್ಕೆ, 2.5 ಕಿಲೋ ತೂಗುತ್ತದೆ. ಎರಡು 10 ಮಿ.ಮೀ. ಹಾಳೆ ಅಂದರೆ 50 ಕಿಲೋ. ಜಾರುವ ಪದರ ಇಟ್ಟುಕೊಂಡು ಅಷ್ಟೇ ಪೆಡಸು ಬೇಕೆಂದರೆ ಹಾಳೆಗಳು 16 ಮಿ.ಮೀ. ಆಗಬೇಕು, ತೂಕ 80 ಕಿಲೋ ಆಗುತ್ತದೆ. ಚದರ ಮೀಟರ್‌ಗೆ 30 ಕಿಲೋ ಗಾಜನ್ನು ಒಂದು ಪ್ಲಾಸ್ಟಿಕ್ ಪದರ ಉಳಿಸುತ್ತದೆ. ಗಾಜು ಕರಗಿಸಲು 1500 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖ ಬೇಕು ಅನ್ನುವುದನ್ನು ನೆನೆಸಿಕೊಂಡರೆ, ಈ ಉಳಿತಾಯ ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ದಪ್ಪ ಕಡಿಮೆಯಾದರೆ ಗಾಜಿನ ಹಸಿರು ಛಾಯೆಯೂ ಕಡಿಮೆ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ‘ಈ ಪದರ ಎಷ್ಟು ಪೆಡಸು?’ ಅಂತ ಯಾರಾದರೂ ಕೇಳಿದರೆ ಒಂದೇ ಅಂಕಿಯಲ್ಲಿ ಉತ್ತರ ಹೇಳಲು ಬರುವುದಿಲ್ಲ. ಉಕ್ಕಿಗೆ ಹೇಳಬಹುದು. ಗಾಜಿಗೆ ಹೇಳಬಹುದು, 70 ಗಿಗಾಪ್ಯಾಸ್ಕಲ್, ಮುಗಿಯಿತು. ಪ್ಲಾಸ್ಟಿಕ್‌ಗೆ ಎರಡು ಮರುಪ್ರಶ್ನೆ ಹಾಕಲೇಬೇಕು. ಎಷ್ಟು ಬಿಸಿ? ಎಷ್ಟು ಹೊತ್ತು?

ಡಾಂಬರನ್ನು ನೋಡಿದ್ದೀರಲ್ಲ. ತಣ್ಣಗಿರುವಾಗ ಸುತ್ತಿಗೆಯಿಂದ ಹೊಡೆದರೆ ಕಲ್ಲಿನ ಹಾಗೆ ಚೂರಾಗುತ್ತದೆ. ಅದೇ ಗಡ್ಡೆಯನ್ನು ಒಂದು ಕಡೆ ಇಟ್ಟು ತಿಂಗಳು ಬಿಟ್ಟು ಬಂದು ನೋಡಿ, ಚಪ್ಪಟೆಯಾಗಿ ಹರಡಿರುತ್ತದೆ. ಬಿಸಿಲಿಗಿಟ್ಟರೆ ಇನ್ನೂ ಬೇಗ. ಗಾಜಿನ ನಡುವಿನ ಪದರದ ಸ್ವಭಾವವೂ ಇದೇ ಜಾತಿಯದು. ಥಟ್ಟನೆ ಬಂದು ಹೋಗುವ ಭಾರಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ. ಕೂತೇ ಇರುವ ಭಾರಕ್ಕೆ ನಿಧಾನವಾಗಿ ಸಡಿಲ ಬಿಡುತ್ತದೆ.

ಎಲ್ಲರಿಗೂ ಗೊತ್ತಿರುವ ಪದರ ಪಿವಿಬಿ, ಪಾಲಿವಿನೈಲ್ ಬ್ಯುಟಿರಲ್. ಕಾರಿನ ಮುಂದಿನ ಗಾಜಿನಲ್ಲಿ ಇರುವುದು ಇದೇ. 20 ಡಿಗ್ರಿಯಲ್ಲಿ, 3 ಸೆಕೆಂಡಿನ ಗಾಳಿಯ ಹೊಡೆತಕ್ಕೆ, ಅದರ ಶಿಯರ್ ಮಾಡ್ಯುಲಸ್, ಅಂದರೆ ಜಾರುವುದನ್ನು ತಡೆಯುವ ಶಕ್ತಿಯ ಅಳತೆ, ಸುಮಾರು 8 ಮೆಗಾಪ್ಯಾಸ್ಕಲ್. ಪರವಾಗಿಲ್ಲ. ಅದೇ 20 ಡಿಗ್ರಿಯಲ್ಲಿ ಭಾರ ಒಂದು ಗಂಟೆ ಕೂತರೆ 1ಕ್ಕಿಂತ ಕೆಳಗೆ ಇಳಿಯುತ್ತದೆ. ಹೊತ್ತು 3 ಸೆಕೆಂಡೇ ಇರಲಿ, ಬಿಸಿ 30 ಡಿಗ್ರಿಗೆ ಏರಲಿ. ಆಗಲೂ 1ರ ಹತ್ತಿರಕ್ಕೆ ಬಂದುಬಿಡುತ್ತದೆ. ಅದಕ್ಕೇ ಬಹಳ ಹೊತ್ತು ಕೂರುವ ಭಾರಕ್ಕೆ ಲೆಕ್ಕ ಹಾಕುವಾಗ, ಮಾಮೂಲಿ ಪಿವಿಬಿ ಇದ್ದರೆ ಎರಡು ಹಾಳೆ ಬೇರೆ ಬೇರೆ ಅಂತಲೇ ಹಿಡಿಯುವುದು ರೂಢಿ. ಅದು ಎಚ್ಚರದ ಲೆಕ್ಕ, ಸರಿಯಾದದ್ದೇ.

ಈಗ ಅಯೊನೊಪ್ಲಾಸ್ಟ್ ಅನ್ನುವ ಇನ್ನೊಂದು ಪದರ ನೋಡಿ. ಸೆಂಟ್ರಿಗ್ಲಾಸ್ ಅನ್ನುವ ಅದರ ಮಾರುಕಟ್ಟೆ ಹೆಸರು ಕೇಳಿರಬಹುದು. 20 ಡಿಗ್ರಿ, 3 ಸೆಕೆಂಡಿಗೆ 200 ಮೆಗಾಪ್ಯಾಸ್ಕಲ್ ದಾಟುತ್ತದೆ. ಅದೇ ಬಿಸಿಯಲ್ಲಿ ಒಂದು ತಿಂಗಳು ಭಾರ ಕೂತರೂ 100ರ ಮೇಲೇ ಇರುತ್ತದೆ. ಪಿವಿಬಿ ಪಕ್ಕದಲ್ಲಿ ಇದು ಬೇರೆಯೇ ಲೋಕ. ಆದರೆ ಇದಕ್ಕೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. 55 ಡಿಗ್ರಿ ಹತ್ತಿರ ಇದೂ ಮೆತ್ತಗಾಗಲು ಶುರುವಾಗುತ್ತದೆ. 50 ಡಿಗ್ರಿಯಲ್ಲಿ ಇಡೀ ದಿನ ಭಾರ ಕೂತರೆ ಮಾಡ್ಯುಲಸ್ 3ರ ಆಸುಪಾಸಿಗೆ ಇಳಿಯುತ್ತದೆ. ಕಡು ಬಿಸಿಲಿನ ಚಾವಣಿ ಗಾಜಿನ ಒಳಗೆ ಅಷ್ಟು ಶಾಖ ಬರುವುದು ಅಪರೂಪವೇನಲ್ಲ. ಗಾಜಿಗೆ ಬಣ್ಣ ಇದ್ದರಂತೂ ಇನ್ನೂ ಜಾಸ್ತಿ. ‘ಅಯೊನೊಪ್ಲಾಸ್ಟ್ ಹಾಕಿದ್ದೇವೆ, ಒಂದೇ ಗಾಜು ಅಂತ ಲೆಕ್ಕ ಹಿಡಿಯಿರಿ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಯಾವ ಭಾರ, ಎಷ್ಟು ಹೊತ್ತು, ಆಗ ಪದರ ಎಷ್ಟು ಬಿಸಿ, ಮೂರನ್ನೂ ಬರೆದು ತೋರಿಸಲು ಹೇಳಿ. ಗಾಳಿಗೆ ಸೆಕೆಂಡುಗಳು. ರೇಲಿಂಗ್‌ಗೆ ಜನ ಒರಗಿದರೆ ನಿಮಿಷಗಳು. ಹಿಮ ಬಿದ್ದು ಕೂತರೆ ವಾರಗಳು. ಗಾಜಿನ ಸ್ವಂತ ಭಾರಕ್ಕೆ ಕಟ್ಟಡದ ಇಡೀ ಆಯಸ್ಸು.

ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಪಿವಿಬಿ ತಾನಾಗಿ ಮೆತ್ತಗಿಲ್ಲ. ಅದನ್ನು ಬಾಗುವ ಹಾಳೆಯಾಗಿ ಮಾಡಲು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸುತ್ತಾರೆ. ತೂಕದಲ್ಲಿ ಕಾಲು ಭಾಗದಷ್ಟು ಅದೇ ಇರುತ್ತದೆ. ಅದು ಉದ್ದುದ್ದ ಅಣುಸರಪಳಿಗಳ ನಡುವೆ ಹೊಕ್ಕು ಜಾರಲು ದಾರಿ ಮಾಡಿಕೊಡುತ್ತದೆ. ಈ ಎಣ್ಣೆ ಕಡಿಮೆ ಮಾಡಿದರೆ ಪೆಡಸು ಪಿವಿಬಿ ಸಿಗುತ್ತದೆ. ಅದೂ ಮಾರುಕಟ್ಟೆಯಲ್ಲಿದೆ, ಮಾಮೂಲಿ ಪಿವಿಬಿಗೂ ಅಯೊನೊಪ್ಲಾಸ್ಟ್‌ಗೂ ನಡುವಿನ ಜಾಗ ತುಂಬುತ್ತದೆ.

ಅಯೊನೊಪ್ಲಾಸ್ಟ್‌ನಲ್ಲಿ ಎಣ್ಣೆಯೇ ಇಲ್ಲ. ಎಥಿಲೀನ್ ಸರಪಳಿಯಲ್ಲಿ ಅಲ್ಲಲ್ಲಿ ಒಂದು ಆಮ್ಲದ ಗುಂಪು ಕೂರಿಸಿ, ಅವುಗಳಲ್ಲಿ ಕೆಲವನ್ನು ಸೋಡಿಯಂ ಅಥವಾ ಸತುವಿನಂಥ ಲೋಹದ ಅಯಾನುಗಳಿಂದ ತಟಸ್ಥಗೊಳಿಸುತ್ತಾರೆ. ಈ ಅಯಾನುಗಳು ಗುಂಪುಗೂಡಿ ಪಕ್ಕದ ಸರಪಳಿಗಳನ್ನು ಗಂಟು ಹಾಕಿದ ಹಾಗೆ ಹಿಡಿಯುತ್ತವೆ. ಬಿಸಿ ಮಾಡಿದರೆ ಗಂಟು ಸಡಿಲ, ಆರಿಸಿದರೆ ಮತ್ತೆ ಬಿಗಿ. ಈ ಕುಟುಂಬದ ಪ್ಲಾಸ್ಟಿಕ್ ನಿಮಗೆ ಹೊಸದಲ್ಲ. ಗಾಲ್ಫ್ ಚೆಂಡಿನ ಮೇಲಿನ ಬಿಳಿ ಸಿಪ್ಪೆ ಇದೆಯಲ್ಲ, ಎಷ್ಟು ಹೊಡೆದರೂ ಹರಿಯದ್ದು, ಅದು ಬಹಳ ಸಲ ಇದರ ಹತ್ತಿರದ ನೆಂಟ. ಆ ವಿಷಯ ಮೊದಲ ಸಲ ತಿಳಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ. ಹೊಡೆತ ತಿನ್ನಲೆಂದೇ ಹುಟ್ಟಿದ ವಸ್ತು ಒಂದು ದಿನ ಗಾಜಿನೊಳಗೆ ಬಂದು ಕೂತಿದೆ.

ಇವಿಎ ಅನ್ನುವ ಇನ್ನೊಂದು ಪದರ ಇದೆ. ಅದಕ್ಕೆ ದೊಡ್ಡ ಒತ್ತಡದ ಪಾತ್ರೆ ಬೇಡ, ನಿರ್ವಾತದ ಓವನ್ ಸಾಕು. ಬಟ್ಟೆ, ಜಾಲರಿ ಒಳಗಿಟ್ಟು ಅಲಂಕಾರ ಮಾಡಲು ಚೆನ್ನ. ಪಾಲಿಕಾರ್ಬನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಮತ್ತು ಗಾಜನ್ನು ಸೇರಿಸಲು ಟಿಪಿಯು ಅನ್ನುವ ಪದರ. ಭಾರ ಹೊರುವ ವಿಷಯದಲ್ಲಿ ಇವೆರಡೂ ನಮ್ಮ ಮಾತಿನ ನಡುವಿಗೆ ಬರುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಿ ಬರುತ್ತೇನೆ. ಈ ಕಥೆ ಶುರುವಾಗುವುದು ಒಂದು ಸೀಸೆಯಿಂದ. 1903ರಲ್ಲಿ ಎದುವಾರ್ ಬೆನೆಡಿಕ್ಟಸ್ ಅನ್ನುವ ಫ್ರೆಂಚ್ ರಸಾಯನಶಾಸ್ತ್ರಜ್ಞನ ಕೈಜಾರಿ ಗಾಜಿನ ಸೀಸೆ ಕೆಳಗೆ ಬಿತ್ತು ಅಂತ ಹೇಳುತ್ತಾರೆ. ಬಿರುಕು ಬಿಟ್ಟಿತು, ಆದರೆ ಚೂರಾಗಿ ಚೆಲ್ಲಲಿಲ್ಲ. ಒಳಗೆ ಒಣಗಿದ ಸೆಲ್ಯುಲೋಸ್ ನೈಟ್ರೇಟ್‌ನ ತೆಳು ಪೊರೆ ಅಂಟಿಕೊಂಡಿತ್ತು. 1909ರಲ್ಲಿ ಆತ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದ ಅನಿಲ ಮುಖವಾಡಗಳ ಕಣ್ಣುಗಾಜಿನಲ್ಲಿ ಈ ಉಪಾಯ ಬಳಕೆಗೆ ಬಂತು. ಆದರೆ ಆ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದಲ್ಲಿ ಪಿವಿಬಿ ಬಂದ ಮೇಲೆ ಆ ಕಾಟ ತಪ್ಪಿತು.

ಪೆಡಸು ಪದರದ ಬೆನ್ನ ಹಿಂದೆ ಇರುವುದು ಚಂಡಮಾರುತ. 1992ರಲ್ಲಿ ಆಂಡ್ರ್ಯೂ ಫ್ಲಾರಿಡಾಕ್ಕೆ ಅಪ್ಪಳಿಸಿತು. ಕಿಟಕಿ ಒಡೆದ ಮನೆಗಳ ಒಳಗೆ ಗಾಳಿ ನುಗ್ಗಿ ಚಾವಣಿಯನ್ನೇ ಎತ್ತಿ ಹಾಕಿತು. ಆಮೇಲೆ ಅಲ್ಲಿನ ಕಟ್ಟಡ ನಿಯಮಗಳು ಬಿಗಿಯಾದವು. ಪರೀಕ್ಷೆಗೆಂದು ಸುಮಾರು 4 ಕಿಲೋ ತೂಕದ ಮರದ ಪಟ್ಟಿಯನ್ನು ಗಂಟೆಗೆ 55 ಕಿ.ಮೀ. ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ. ಗಾಜು ಒಡೆಯಲಿ, ಅಡ್ಡಿಯಿಲ್ಲ. ಆದರೆ ಒಡೆದ ಮೇಲೂ ಸಾವಿರಾರು ಸಲ ಗಾಳಿಯ ತಳ್ಳಾಟ ತಡೆದು ಚೌಕಟ್ಟಿನಲ್ಲೇ ನಿಲ್ಲಬೇಕು. 1990ರ ದಶಕದಲ್ಲಿ ಡುಪಾಂಟ್ ಕಂಪನಿ ಈ ಬೇಡಿಕೆಗೆಂದು ತಂದ ಪದರವೇ ಸೆಂಟ್ರಿಗ್ಲಾಸ್. ಅದು ಆಮೇಲೆ ಮೆಟ್ಟಿಲಿಗೂ ನೆಲಕ್ಕೂ ಹೋಯಿತು.

‘ಒಡೆದ ಮೇಲೂ’ ಅಂದೆನಲ್ಲ, ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಅಲ್ಲಿದೆ. ಗಾಜು ಒಂದಲ್ಲ ಒಂದು ದಿನ ಒಡೆಯಬಹುದು. ಟಫನ್ಡ್ ಗಾಜಿನಲ್ಲಿ, ಅಂದರೆ ಕಾಯಿಸಿ ಥಟ್ಟನೆ ಆರಿಸಿ ಬಲ ತುಂಬಿದ ಗಾಜಿನಲ್ಲಿ, ನಿಕಲ್ ಸಲ್ಫೈಡ್‌ನ ಕಣ ಒಂದು ಉಳಿದುಕೊಂಡಿದ್ದರೆ, ಅದು ವರ್ಷಗಳ ನಂತರ ನಿಧಾನವಾಗಿ ಹಿಗ್ಗಿ, ಯಾರೂ ಮುಟ್ಟದೆಯೂ ಗಾಜನ್ನು ಸಿಡಿಸಬಲ್ಲದು. ಕಣ ಕೂದಲೆಳೆಯಷ್ಟು ಇರುತ್ತದೆ, ಅಷ್ಟೇ. ಒಡೆಯುತ್ತದೆ ಅಂತಲೇ ಇಟ್ಟುಕೊಂಡು ಯೋಚಿಸಬೇಕು. ಒಡೆದ ಮರುಕ್ಷಣ ಆ ಗಾಜಿನ ಮೇಲೆ ನಿಂತವರಿಗೆ, ಕೆಳಗೆ ನಡೆಯುವವರಿಗೆ ಏನಾಗುತ್ತದೆ?

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕಟ್ಟಡದ ಬಾಗಿಲ ಮೇಲಿನ ಗಾಜಿನ ಚಾಚು ನೋಡಲು ಕರೆದಿದ್ದರು. ಎರಡೂ ಹಾಳೆ ಟಫನ್ಡ್, ನಡುವೆ ಮಾಮೂಲಿ ಪಿವಿಬಿ, ನಾಲ್ಕು ಮೂಲೆಯಲ್ಲಿ ಬೋಲ್ಟ್. ರಾತ್ರಿ ಒಂದು ಹಾಳೆ ಸಿಡಿದಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದೂ ಹೋಗಿತ್ತು. ಟಫನ್ಡ್ ಗಾಜು ಒಡೆದರೆ ಕಾಳಿನ ಗಾತ್ರದ ಚೂರಾಗುತ್ತದೆ. ಎರಡೂ ಹಾಳೆ ಕಾಳಾದ ಮೇಲೆ ಉಳಿದದ್ದು ಮೆತ್ತನೆ ಪಿವಿಬಿ, ಅದಕ್ಕೆ ಅಂಟಿದ ಕ್ವಿಂಟಲ್‌ಗಟ್ಟಲೆ ಗಾಜಿನ ಕಾಳು. ನಡುವೆ ಜೋತು, ಬೋಲ್ಟ್‌ನ ತೂತುಗಳ ಹತ್ತಿರ ಹರಿದು, ಇಡೀ ಹಾಳೆ ಮಡಚಿಕೊಂಡು ನೆಲಕ್ಕೆ ಬಿದ್ದಿತ್ತು. ರಾತ್ರಿಯಾದ್ದರಿಂದ ಕೆಳಗೆ ಯಾರೂ ಇರಲಿಲ್ಲ. ಬೆಳಿಗ್ಗೆ ನಾನು ಹೋದಾಗ ಮೂಲೆಯ ಬೋಲ್ಟ್ ಒಂದರಲ್ಲಿ ಅಂಗೈಯಗಲದ ತುಂಡು ನೇತಾಡುತ್ತಿತ್ತು. ಬೆರಳಲ್ಲಿ ಒತ್ತಿದೆ, ರಬ್ಬರ್ ಹಾಗೆ ಬಾಗಿತು. ‘ಲ್ಯಾಮಿನೇಟೆಡ್ ಅಂದಮೇಲೆ ಸುರಕ್ಷಿತ’ ಅನ್ನುವ ಮಾತನ್ನು ಆ ದಿನದಿಂದ ನಾನು ಪೂರ್ತಿ ನಂಬುವುದು ಬಿಟ್ಟೆ.

ಇಲ್ಲಿ ಎರಡು ಉಪಾಯ ಇವೆ. ಒಂದು, ಗಾಜನ್ನೇ ಬದಲಿಸುವುದು. ಹೀಟ್ ಸ್ಟ್ರೆಂಗ್ತನ್ಡ್ ಗಾಜು, ಅಂದರೆ ಕಾಯಿಸಿದ ಮೇಲೆ ಅಷ್ಟು ಥಟ್ಟನೆ ಆರಿಸದ ಗಾಜು, ಟಫನ್ಡ್‌ನಷ್ಟು ಬಲ ಇಲ್ಲದಿದ್ದರೂ, ಒಡೆದಾಗ ದೊಡ್ಡ ದೊಡ್ಡ ತುಂಡಾಗುತ್ತದೆ. ಮೇಲಿನ ಹಾಳೆಯ ಬಿರುಕು, ಕೆಳಗಿನ ಹಾಳೆಯ ಬಿರುಕು ಒಂದರ ಮೇಲೊಂದು ಬರುವುದು ಕಡಿಮೆ. ತುಂಡುಗಳು ಒಂದನ್ನೊಂದು ಹೊತ್ತುಕೊಳ್ಳುತ್ತವೆ. ಇನ್ನೊಂದು ಉಪಾಯ, ಪದರ ಬದಲಿಸುವುದು. ಗಾಜೆಲ್ಲ ಕಾಳಾಗಿ ಹೋದರೂ ಅಯೊನೊಪ್ಲಾಸ್ಟ್ ತಾನೇ ಒಂದು ಹಲಗೆಯಂತೆ ನಿಂತು, ಮೇಲಿನ ಕಾಳುಗಳನ್ನು ಒತ್ತಿ ಹಿಡಿದುಕೊಂಡು, ಜನ ಇಳಿದು ಹೋಗುವಷ್ಟು, ಜಾಗಕ್ಕೆ ಅಡ್ಡಗಟ್ಟುವಷ್ಟು ಸಮಯ ಕೊಡುತ್ತದೆ. ನೆಲಕ್ಕೆ, ಮೆಟ್ಟಿಲಿಗೆ ಮೂರು ಹಾಳೆ ಹಾಕುವುದು ಇದಕ್ಕೇ. ಒಂದು ಹೋದರೂ ಉಳಿದೆರಡು ಇರಲಿ ಅಂತ. ನೆಲಕ್ಕೆ ಪೆಡಸು ಪದರವನ್ನೇ ಹಾಕಿ ಅಂತ ನಾನು ಹಟ ಹಿಡಿಯುತ್ತೇನೆ. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಂಡದ್ದಿಲ್ಲ.

ಪೆಡಸು ಆಯಿತು. ತಿಳಿಯಾಗಿ ಇರುವುದು ಹೇಗೆ? ಇದಕ್ಕೆ ಕಾರ್ಖಾನೆಗೆ ಹೋಗಬೇಕು. ಪಿವಿಬಿ ಸುರುಳಿ ಬಿಚ್ಚಿದಾಗ ಅದು ಪಾರದರ್ಶಕ ಅಲ್ಲವೇ ಅಲ್ಲ. ಮಬ್ಬು ಬಿಳಿ, ಮುಟ್ಟಿದರೆ ತರಿತರಿ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಗಾಜಿನ ನಡುವೆ ಇಟ್ಟು ರೋಲರ್‌ನಲ್ಲಿ ಒತ್ತುವಾಗ ಆ ತರಿಗಳ ಸಂದಿಯಿಂದ ಗಾಳಿ ಹೊರಗೆ ಹೋಗಬೇಕು. ಆಮೇಲೆ ಆಟೊಕ್ಲೇವ್, ಅಂದರೆ ದೊಡ್ಡ ಒತ್ತಡದ ಕೊಳವೆ. ಒಳಗೆ 135ರಿಂದ 140 ಡಿಗ್ರಿ, 12 ಬಾರ್ ಅಥವಾ ಸ್ವಲ್ಪ ಜಾಸ್ತಿ ಒತ್ತಡ. ಅಲ್ಲಿ ತರಿಗಳು ಕರಗಿ ಗಾಜಿಗೆ ಮೈಯೊಡ್ಡುತ್ತವೆ, ಉಳಿದ ಚೂರುಪಾರು ಗಾಳಿ ಪದರದೊಳಗೆ ಕರಗಿಹೋಗುತ್ತದೆ. ಪದರದ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.48ರಿಂದ 1.50, ಗಾಜಿನದು 1.52. ಅಷ್ಟು ಹತ್ತಿರ ಇರುವುದರಿಂದ ಬೆಳಕಿಗೆ ನಡುವೆ ಗಡಿ ಇದೆ ಅಂತಲೇ ಗೊತ್ತಾಗುವುದಿಲ್ಲ.

ಅಯೊನೊಪ್ಲಾಸ್ಟ್‌ಗೆ ಇನ್ನೊಂದು ಜಾಗ್ರತೆ ಬೇಕು. ಅದರ ಎಥಿಲೀನ್ ಭಾಗಕ್ಕೆ ಹರಳುಗಟ್ಟುವ ಗುಣ ಇದೆ. ಆಟೊಕ್ಲೇವ್‌ನಿಂದ ಬೇಗ ಆರಿಸಿದರೆ ಹರಳು ಚಿಕ್ಕದಾಗಿಯೇ ಉಳಿಯುತ್ತದೆ, ಗಾಜು ತಿಳಿ. ನಿಧಾನವಾಗಿ ಆರಿದರೆ ಹರಳು ಬೆಳೆದು ಬೆಳಕನ್ನು ಚೆದುರಿಸುತ್ತದೆ. ದಪ್ಪ ಗಾಜನ್ನು ಒತ್ತೊತ್ತಾಗಿ ಜೋಡಿಸಿದರೆ ನಡುವಿನವು ಬೇಗ ಆರುವುದೇ ಇಲ್ಲ. ಅಂಥ ಒಂದು ತುಂಡನ್ನು ನಾವು ಕಪ್ಪು ಬಟ್ಟೆಯ ಮುಂದೆ ನಿಲ್ಲಿಸಿ ಪಕ್ಕದಿಂದ ಟಾರ್ಚ್ ಬಿಟ್ಟಿದ್ದೆವು. ಎದುರಿನಿಂದ ನೋಡಿದಾಗ ಏನೂ ಕಾಣದ ಗಾಜಿನೊಳಗೆ, ಮುಂಜಾನೆಯ ತೆಳು ಮಂಜಿನ ಹಾಗೆ ಒಂದು ಬಿಳಿ ಛಾಯೆ ನಿಂತಿತ್ತು. ಜೋಡಣೆಯ ನಡುವೆ ಅಂತರ ಬಿಟ್ಟು, ಗಾಳಿ ಹರಿಯಲು ದಾರಿ ಮಾಡಿದ ಮೇಲೆ ಮಂಜು ಹೋಯಿತು.

ಅಂಟುವ ವಿಷಯದಲ್ಲೂ ಇದು ಸೂಕ್ಷ್ಮ. ಫ್ಲೋಟ್ ಗಾಜು ಕರಗಿದ ತವರದ ಮೇಲೆ ತೇಲಿ ತಯಾರಾಗುತ್ತದೆ, ಅದರಿಂದ ಒಂದು ಮುಖದಲ್ಲಿ ತವರದ ಅಂಶ ಉಳಿದಿರುತ್ತದೆ. ಅಯೊನೊಪ್ಲಾಸ್ಟ್ ಆ ಮುಖವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇನ್ನೊಂದು ಮುಖಕ್ಕಾದರೆ ಮೊದಲು ಪ್ರೈಮರ್ ಹಚ್ಚಬೇಕು. ಯಾವ ಮುಖ ಯಾವುದು ಅಂತ ತಿಳಿಯಲು ಕೆಲಸಗಾರರು ಚಿಕ್ಕ ಅತಿನೇರಳೆ ದೀಪ ಹಿಡಿದಿರುತ್ತಾರೆ. ತವರದ ಮುಖಕ್ಕೆ ಹಿಡಿದರೆ ಹಾಲಿನಂಥ ಮಸುಕು ಬೆಳಕು ಹೊಳೆಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದ ದೃಶ್ಯ ಅದು. ತೇವವೂ ಇದಕ್ಕೆ ಶತ್ರು. ಮುಚ್ಚಿದ ಪೊಟ್ಟಣ ಬಿಚ್ಚಿದ ಮೇಲೆ ತಡಮಾಡದೆ ಬಳಸಬೇಕು.

ಒಮ್ಮೆ ಸರಿಯಾಗಿ ಅಂಟಿದರೆ ಮಾತ್ರ ಅಯೊನೊಪ್ಲಾಸ್ಟ್‌ನ ಅಂಚು ಬಯಲಿನಲ್ಲೂ ಚೆನ್ನಾಗಿ ಬಾಳುತ್ತದೆ. ಪಿವಿಬಿ ಅಂಚು ಮಳೆ, ತೇವಕ್ಕೆ ತೆರೆದಿದ್ದರೆ ನೀರು ಹೀರಿ ಬೆಳ್ಳಗಾಗುತ್ತದೆ, ಕೆಲವು ಸಲ ಗಾಜಿನಿಂದ ಬಿಡಿಸಿಕೊಳ್ಳುತ್ತದೆ. ಹಳೆಯ ರೇಲಿಂಗ್ ಗಾಜಿನ ಅಂಚಿನಲ್ಲಿ ಎಲೆಯ ಆಕಾರದ ಬಿಳಿ ಕಲೆ ನೋಡಿದ್ದರೆ, ಅದು ಇದೇ. ಅಯೊನೊಪ್ಲಾಸ್ಟ್ ಲೋಹಕ್ಕೂ ಅಂಟುತ್ತದೆ. ಹಾಗಾಗಿ ಟೈಟಾನಿಯಂ ತುಂಡನ್ನು ಗಾಜಿನ ಹಾಳೆಗಳ ನಡುವೆಯೇ ಹುದುಗಿಸಿ, ಮೆಟ್ಟಿಲನ್ನು ಅದಕ್ಕೇ ಕೂರಿಸುವುದು ಸಾಧ್ಯವಾಯಿತು. ಬೇರೆ ಲೋಹ ಬಿಟ್ಟು ಟೈಟಾನಿಯಂ ಯಾಕೆ? ಬಿಸಿಗೆ ಅದು ಹಿಗ್ಗುವ ಪ್ರಮಾಣ ಗಾಜಿನದಕ್ಕೆ ಬಹಳ ಹತ್ತಿರ. ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂದಲ್ಲಿ ಆ್ಯಪಲ್ ಮಳಿಗೆಯ ಗಾಜಿನ ಘನಾಕೃತಿ 2006ರಲ್ಲಿ ಎದ್ದಾಗ ಅದರಲ್ಲಿ 90 ಹಾಳೆಗಳಿದ್ದವು. 2011ರಲ್ಲಿ ಅದನ್ನೇ 15 ಹಾಳೆಗಳಲ್ಲಿ ಮತ್ತೆ ಕಟ್ಟಿದರು. ಐದು ವರ್ಷದಲ್ಲಿ ಈ ಕಸುಬು ಎಷ್ಟು ದೂರ ಹೋಯಿತು ಅಂತ ತೋರಿಸಲು ಆ ಎರಡು ಅಂಕಿ ಸಾಕು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. ಪೆಡಸು ಪದರ ಇಷ್ಟು ಒಳ್ಳೆಯದಾದರೆ ಕಾರಿನ ಮುಂದಿನ ಗಾಜಿಗೂ ಅದನ್ನೇ ಯಾಕೆ ಹಾಕುವುದಿಲ್ಲ? ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಕಾರಿನ ಗಾಜು ಭಾರ ಹೊರಬೇಕಿಲ್ಲ. ಅಪಘಾತದಲ್ಲಿ ತಲೆ ಬಂದು ಬಡಿದರೆ ಅದು ಹಲಗೆಯಂತೆ ಎದುರು ನಿಲ್ಲಬಾರದು. ಹಾಗಂತ ತಲೆ ತೂರಿಕೊಂಡು ಹೋಗಲೂ ಬಾರದು. ಅದಕ್ಕೆ ಅಲ್ಲಿ ಮೆತ್ತನೆ ಪಿವಿಬಿಯೇ ಬೇಕು. ದಪ್ಪವೂ ಅನುಭವದಿಂದ ಬಂದದ್ದೇ. ಅಮೆರಿಕದಲ್ಲಿ 1960ರ ದಶಕದ ನಡುವೆ 0.38 ಮಿ.ಮೀ. ಇದ್ದದ್ದನ್ನು 0.76ಕ್ಕೆ ಏರಿಸಿದರು, ತೂರುವುದು ಬಹಳ ಕಡಿಮೆಯಾಯಿತು. ಶಬ್ದ ತಡೆಯಲೂ ಮೆತ್ತನೆ ಪದರವೇ ಮೇಲು. ಗಾಜಿನ ಕಂಪನವನ್ನು ಅದು ನುಂಗುತ್ತದೆ, ಪೆಡಸು ಪದರ ಹಾಗೇ ದಾಟಿಸಿಬಿಡುತ್ತದೆ.

ಇನ್ನೂ ಒಂದು ವಿಷಯ ಇದೆ. ಕಾರಿನ ಪಿವಿಬಿ ಗಾಜಿಗೆ ಎಷ್ಟು ಗಟ್ಟಿಯಾಗಿ ಅಂಟಬೇಕು ಅನ್ನುವುದನ್ನೂ ಅಳೆದೇ ಇಡುತ್ತಾರೆ. ತೀರಾ ಗಟ್ಟಿಯಾಗಿ ಅಂಟಿದರೆ ಬಿರುಕಿನ ಜಾಗದಲ್ಲೇ ಪದರ ಕಿತ್ತುಹೋಗುತ್ತದೆ. ಸಡಿಲವಾಗಿ ಅಂಟಿದರೆ ಚೂರುಗಳು ಉದುರುತ್ತವೆ. ಅದಕ್ಕೇ ಪಿವಿಬಿಗೆ ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಬೆರೆಸಿ ಅಂಟನ್ನು ಸ್ವಲ್ಪ ತಗ್ಗಿಸುತ್ತಾರೆ. ತಲೆ ಬಡಿದಾಗ ಬಿರುಕಿನ ಎರಡೂ ಪಕ್ಕದಲ್ಲಿ ಪದರ ಗಾಜಿನಿಂದ ಒಂಚೂರು ಬಿಡಿಸಿಕೊಳ್ಳುತ್ತದೆ, ಬಿಡಿಸಿಕೊಂಡಷ್ಟು ಉದ್ದ ಹಿಗ್ಗುತ್ತದೆ, ಹಿಗ್ಗುತ್ತಾ ಹೊಡೆತದ ವೇಗ ತಗ್ಗಿಸಿ ತಲೆಯನ್ನು ನಿಲ್ಲಿಸುತ್ತದೆ.